ಮಲ್ಲಿಗೆಯ ದರದಲ್ಲಿ ಪೆಟ್ರೋಲ್ ಮುರಿದುಕೊಂಡ ವರ್ಷ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮಣಿಪಾಲದ ಆಸ್ಪತ್ರೆಯಿಂದ ಇವತ್ತು ಬಿಟ್ಟರು. ನನ್ನ ಮಡಿಲಲ್ಲೇ ಮಲಗಿಸಿಕೊಂಡು ಕಾರ್ಕಳಕ್ಕೆ, ಅಂದರೆ ಸೊಸೆಯ ತಾಯಿಮನೆಗೆ, ಕರೆದುಕೊಂಡು ಬಂದಾಯಿತು. ತಲೆ ತುಂಬ ಕೂದಲು. ಮೂಗು ನನ್ನದು. ಬೀಗಿತ್ತಿ ಮೂಗು ಅವರ ಕಡೆಯದು ಎನ್ನುತ್ತಾರೆ. ಎನ್ನಲಿ, ಇವತ್ತು ನಾನು ಜಗಳಕ್ಕಿಲ್ಲ. ಆಸ್ಪತ್ರೆಯ ಲಿಫ್ಟಿನವನಿಗೆ ಹೇಳಿದೆ, ಗೇಟಿನ ವಾಚ್‌ಮನ್‌ಗೆ ಹೇಳಿದೆ, ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ ಪಾಪ, ತನ್ನ ಗಂಡನ ಕಾಲು ಮುರಿದದ್ದನ್ನು ಮರೆತು ನನ್ನ ಕೈ ಹಿಡಿದು ನಕ್ಕಳು.

ಬರುವ ದಾರಿಯಲ್ಲಿ ಹಿರಿಯಡ್ಕದ ಹತ್ತಿರ ಮಗ ವಿನ್ಸಿ ಪೆಟ್ರೋಲ್ ಹಾಕಿಸಲು ಕಾರು ನಿಲ್ಲಿಸಿದ. ಕಿಟಕಿಯ ಗಾಜು ಇಳಿದಿತ್ತು. "ಗಾಜು ಹಾಕಿ ಮಾರಾಯ್ರೇ, ಮಗುವಿಗೆ ವಾಸನೆ ತಾಗ್ತದೆ" ಎಂದು ಬೀಗಿತ್ತಿ ಗಡಿಬಿಡಿ ಮಾಡಿದರು. ಮಗುವಿನ ಮುಖಕ್ಕೆ ಸೆರಗು ಮುಚ್ಚಿ, ನಾನು ಮಾತ್ರ ಮೂಗು ಅರಳಿಸಿ ಆ ವಾಸನೆಯನ್ನು ಎಳೆದುಕೊಂಡೆ. ಬಂಕಿನ ಬೋರ್ಡಿನಲ್ಲಿ ಆ ದಿನದ ದರ ಕೆಂಪಾಗಿ ಉರಿಯುತ್ತಿತ್ತು. ಕೆಲವರಿಗೆ ಪೆಟ್ರೋಲಿನ ವಾಸನೆಗೆ ತಲೆ ತಿರುಗುತ್ತದೆ. ನನಗೆ ಹಸಿವಾಗುತ್ತದೆ. ಯಾಕೆಂದರೆ ಪೆಟ್ರೋಲ್ ಮೊದಲ ಸಲ ನೂರು ದಾಟಿದ ವರ್ಷವೇ ಈ ಮಗು ಹುಟ್ಟದ ಹಾಗೆ ಮಾಡಲು ಒಬ್ಬ ಹೊರಟಿದ್ದ. ಅವನ ಹೆಸರು ಸಂಜೀವ. ಅವನಿಗೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಬಾಯಿಯಲ್ಲಿ ನೀರು ಬರುತ್ತದೆ.

ಕೊರೊನಾದ ಎರಡನೆಯ ವರ್ಷ ಅದು. ನಮ್ಮ ಮನೆ ಶಿರ್ವದ ಹತ್ತಿರ, ಇಗರ್ಜಿಯ ಹಿಂದಿನ ದಾರಿಯಲ್ಲಿ. ಸುತ್ತ ಇರುವ ದೊಡ್ಡ ದೊಡ್ಡ ಮನೆಗಳೆಲ್ಲ ಗಲ್ಫಿನ ಹಣದವು, ನಮ್ಮದು ಹಂಚಿನ ಮನೆ. ನಮ್ಮವರು ತೀರಿಕೊಂಡು ಬಹಳ ವರ್ಷವಾಗಿತ್ತು. ಅಂಗಳದ ಬದಿಯಲ್ಲಿ ಮಲ್ಲಿಗೆ ಗಿಡಗಳಿದ್ದವು, ಅವೇ ನನ್ನನ್ನೂ ವಿನ್ಸಿಯನ್ನೂ ಸಾಕಿದ್ದು. ವಿನ್ಸಿ ದೊಡ್ಡವನಾಗಿ ಕುವೈತಿಗೆ ಹೋಗಿ ಎಣ್ಣೆ ಬಾವಿಯ ಕೆಲಸದವರ ಕ್ಯಾಂಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಕೊರೊನಾ ಬಂದು ಕೆಲಸ ಹೋಯಿತು, ಮಗ ಒಂದು ಸೂಟ್‌ಕೇಸಿನೊಂದಿಗೆ ಮನೆಗೆ ಬಂದ. ಪುನಃ ನಾವಿಬ್ಬರೂ ಮಲ್ಲಿಗೆಯ ಮೇಲೆ ಬಿದ್ದೆವು. ಅಷ್ಟರಲ್ಲಿ ಅವನಿಗೆ ಕಾರ್ಕಳದ ಹುಡುಗಿ ಪ್ರೀಮಾಳೊಂದಿಗೆ ಮದುವೆಯ ಮಾತಾಗಿತ್ತು. ಅವಳ ಅಪ್ಪ ಲಾರೆನ್ಸ್ ಅವರಿಗೆ ಕಾರ್ಕಳ ಬಸ್‌ಸ್ಟ್ಯಾಂಡಿನ ಪಕ್ಕ ಟಯರ್ ಅಂಗಡಿ. "ಕೆಲಸ ಹೋದರೆ ಹೋಗಲಿ, ಹುಡುಗ ಒಳ್ಳೆಯವನು, ಮನೆಯಲ್ಲಿ ಹೂವಿನ ಆದಾಯ ಉಂಟಲ್ಲ" ಎಂದು ಅವರು ಒಪ್ಪಿದ್ದರು. ಕ್ರಿಸ್ಮಸ್ ಕಳೆದ ಮೇಲೆ ಮದುವೆ ಎಂದು ತೀರ್ಮಾನ. ಆ ಮದುವೆ ನಿಂತಿದ್ದದ್ದು ಆ ಹೂವಿನ ಮೇಲೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮಲ್ಲಿಗೆಗೆ ಆಯುಷ್ಯ ಕಡಿಮೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಬೇಕು, ಬಿಸಿಲು ಏರುವ ಮೊದಲು ಶಂಕರಪುರದ ಕಟ್ಟೆಗೆ ಮುಟ್ಟಿಸಬೇಕು. ಊರೂರಿನ ಹೂವು ಅಲ್ಲಿಗೆ ಬರುತ್ತದೆ, ಆ ದಿನದ ದರ ಅಲ್ಲೇ ಆಗುತ್ತದೆ, ಅಲ್ಲಿಂದ ಉಡುಪಿ, ಮಂಗಳೂರು, ಮುಂಬೈ ಎಂದು ಹೋಗುತ್ತದೆ. ತಡವಾಯಿತೋ, ಮೊಗ್ಗು ಮನೆಯಲ್ಲೇ ಅರಳುತ್ತದೆ. ಅರಳಿದ ಮಲ್ಲಿಗೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಸಾಲಿನ ಮನೆಗಳ ಹೂವನ್ನೆಲ್ಲ ಸಂಜೀವ ಸ್ಕೂಟರಿನಲ್ಲಿ ಬಂದು ಒಯ್ಯುತ್ತಿದ್ದ. ಬೆಳಿಗ್ಗೆ ಕಟ್ಟೆಗೆ ಹೂವು, ಮಧ್ಯಾಹ್ನ ಅಲ್ಲಿಂದ ಒಂದಷ್ಟು ತೆಗೆದುಕೊಂಡು ಕಾರ್ಕಳದ ಹೂವಿನ ಅಂಗಡಿಗಳಿಗೆ. ಹೂವಿನ ಜೊತೆ ಸುದ್ದಿಯನ್ನೂ ಒಯ್ಯುತ್ತಿದ್ದ, ಅದಕ್ಕೆ ಮಾತ್ರ ಬಾಡಿಗೆ ಇರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಪೆಟ್ರೋಲ್ ನೂರರ ಹತ್ತಿರ ಬಂತು. ಒಂದು ಬೆಳಿಗ್ಗೆ ಸಂಜೀವ ಸ್ಕೂಟರಿನಿಂದ ಇಳಿಯದೆಯೇ ಹೇಳಿದ, "ಬಾಯಮ್ಮಾ, ಇವತ್ತಿನಿಂದ ಚೆಂಡಿಗೆ ಸ್ವಲ್ಪ ಪೆಟ್ರೋಲಿಗೆ ಅಂತ ಮುರೀತೇನೆ ಆಯ್ತಾ. ನಂಗೂ ಹೆಂಡತಿ ಮಕ್ಕಳು ಉಂಟು."

ಬಾಯಮ್ಮ ಎಂದರೆ ನಾನು, ನಮ್ಮ ಕಡೆ ಕ್ರಿಸ್ತಿಯನ್ ಹೆಂಗಸರನ್ನು ಹಾಗೇ ಕರೆಯುವುದು. ಅವನು ಹೇಳಿದ್ದು ನ್ಯಾಯವೇ ಎನಿಸಿತು. ರಸ್ತೆಯಲ್ಲಿ ಓಡಾಡುವವನ ಕಷ್ಟ ಮನೆಯಲ್ಲಿ ಕೂತವಳಿಗೆ ಗೊತ್ತಾಗುವುದಿಲ್ಲವಲ್ಲ. ಒಪ್ಪಿದೆ. ಆಮೇಲೆ ನೋಡಿದರೆ, ಬೋರ್ಡಿನಲ್ಲಿ ಪೈಸೆ ಏರಿದರೆ ಇವನ ಕಡಿತದಲ್ಲಿ ರೂಪಾಯಿ ಏರುತ್ತಿತ್ತು. ಬಂಕಿನವರು ಬೆಳಿಗ್ಗೆ ಆರಕ್ಕೆ ದರ ಬದಲಿಸುತ್ತಿದ್ದರು, ಇವನು ಏಳಕ್ಕೆ ನಮ್ಮ ಜಗಲಿಯಲ್ಲಿ ಬದಲಿಸುತ್ತಿದ್ದ.

ಪಕ್ಕದ ಮನೆಯ ಗಿರಿಜಕ್ಕ ದಿನಾ ನಮ್ಮ ಜಗಲಿಗೆ ಬಂದು ಹೂ ಕಟ್ಟುತ್ತಿದ್ದರು. ಅವರದೂ ಹತ್ತಾರು ಗಿಡಗಳಿದ್ದವು. ಒಂದು ದಿನ ಕಟ್ಟುತ್ತ ಕಟ್ಟುತ್ತ ನಾನು ಮಗನನ್ನು ಕೇಳಿದೆ, "ಅಲ್ಲ ವಿನ್ಸಿ, ನೀನು ಎಣ್ಣೆ ಬಾವಿಯ ಹತ್ತಿರ ಇದ್ದವನು. ಇದು ಯಾಕೆ ಹೀಗೆ ಏರುವುದು?"

"ನಾನು ಇದ್ದದ್ದು ಸಾಬೂನು, ಶೂ ಲೆಕ್ಕ ಮಾಡ್ಲಿಕ್ಕೆ ಮಾಯ್" ಎಂದು ನಕ್ಕ. ನಮ್ಮಲ್ಲಿ ಅಮ್ಮನಿಗೆ ಮಾಯ್ ಎನ್ನುವುದು. ಆಮೇಲೆ ಹೇಳಿದ, "ಬೋರ್ಡಿನಲ್ಲಿ ಕಾಣುವುದು ಪೂರಾ ಎಣ್ಣೆಯ ಬೆಲೆ ಅಲ್ಲ. ಎಣ್ಣೆ ಹೊರಗಿನಿಂದ ಬರುವುದು, ಅದಕ್ಕೆ ಡಾಲರ್ ಕೊಡಬೇಕು. ಎಣ್ಣೆ ಏರಿದರೂ ನಮಗೆ ಏರಿತು, ಡಾಲರ್ ಏರಿದರೂ ನಮಗೆ ಏರಿತು. ಅದರ ಮೇಲೆ ಡೆಲ್ಲಿಯ ತೆರಿಗೆ, ಬೆಂಗಳೂರಿನ ತೆರಿಗೆ. ಮತ್ತೆ ಬಂಕಿನವರ ಕಮಿಷನ್, ಟ್ಯಾಂಕರಿನ ಬಾಡಿಗೆ."

"ಹೋದ ವರ್ಷ ಲಾಕ್‌ಡೌನಿನಲ್ಲಿ ಒಂದು ನಾಯಿ ಕೂಡ ರಸ್ತೆಗೆ ಇಳಿಯಲಿಲ್ಲ. ಆಗ ಯಾಕೆ ಇಳಿಯಲಿಲ್ಲ ಮತ್ತೆ?"

"ಎಣ್ಣೆ ಇಳಿದಿತ್ತು ಮಾಯ್, ಪಾತಾಳಕ್ಕೆ. ಅದು ಇಳಿದಾಗ ತೆರಿಗೆ ಏರಿಸಿದರು. ಈಗ ಎಣ್ಣೆ ಏರಿತು, ತೆರಿಗೆ ಹತ್ತಿದಲ್ಲೇ ಉಂಟು."

ಗಿರಿಜಕ್ಕ ನಾರನ್ನು ಹಲ್ಲಿನಲ್ಲಿ ಕಡಿದು, "ಓಟು ಬರಲಿ ನೋಡಿ. ಓಟು ಬಂದರೆ ಪೆಟ್ರೋಲಿಗೂ ಮಂಡಿನೋವು ಬರ್ತದೆ, ಮೆಟ್ಟಿಲು ಹತ್ತುವುದೇ ಇಲ್ಲ. ಎಣಿಕೆ ಮುಗಿದ ಮರುದಿನ ಓಡ್ಲಿಕ್ಕೆ ಶುರು" ಎಂದರು.

ನನಗೆ ಅರ್ಥವಾದದ್ದು ಇಷ್ಟು. ನಮ್ಮ ಮಲ್ಲಿಗೆಯೂ ದಿನಾ ದರ ಬದಲಿಸುವ ವಸ್ತುವೇ. ಮದುವೆ, ಹಬ್ಬ ಇದ್ದರೆ ಏರುತ್ತದೆ, ಮುಗಿದರೆ ಮರುದಿನವೇ ಬೀಳುತ್ತದೆ. ಬಿದ್ದ ದಿನ ನಾವು ಯಾರ ಮೇಲೂ ಹಾಕುವುದಿಲ್ಲ, ತೆಪ್ಪಗೆ ಗಂಜಿ ಕುಡಿದು ಮಲಗುತ್ತೇವೆ. ಏರುವುದು ಗೊತ್ತಿದ್ದು ಇಳಿಯುವುದು ಗೊತ್ತಿಲ್ಲದ ವಸ್ತುವನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ. ಕಂಡದ್ದು ದೀಪಾವಳಿಗೆ.

ದೀಪಾವಳಿಯ ಹೊತ್ತಿಗೆ ತೆರಿಗೆ ಕಡಿಮೆ ಮಾಡಿದರು, ಪೆಟ್ರೋಲ್ ಒಂದೇ ಸಲ ಇಳಿಯಿತು. ಟಿವಿಯಲ್ಲಿ ಅದೇ ಸುದ್ದಿ. ನಾನು ಬೆಳಿಗ್ಗೆ ಬೇಗ ಎದ್ದು, ಹೂ ಕಟ್ಟಿ, ಸಂಜೀವನಿಗಾಗಿ ಕಾದು ನಿಂತೆ.

"ಸಂಜೀವಣ್ಣಾ, ಪೆಟ್ರೋಲ್ ಇಳಿಯಿತಂತೆ?"

"ಇಳಿಯಿತು ಬಾಯಮ್ಮಾ, ಒಳ್ಳೆಯದಾಯಿತು."

"ಹಾಗಾದರೆ ಕಡಿತವೂ ಇಳಿಯಬೇಕಲ್ವಾ?"

ಅವನು ಚೆಂಡುಗಳನ್ನು ಪೆಟ್ಟಿಗೆಗೆ ತುಂಬುತ್ತ, ನನ್ನ ಮುಖ ನೋಡದೆ ನಕ್ಕ. "ಸರ್ಕಾರದವರು ಇಳಿಸಿದ್ದು ಬಾಯಮ್ಮಾ, ನಾನಲ್ಲ. ನಾಳೆ ಅವರು ಪುನಃ ಏರಿಸಿದರೆ ನಾನು ನಿಮ್ಮ ಹತ್ತಿರ ಬಂದು ಕೇಳ್ಲಿಕ್ಕುಂಟಾ? ಇರಲಿ ಬಿಡಿ ಹಾಗೇ."

"ಏರುವಾಗ ಕೇಳದೆಯೇ ಮುರಿದಿರಿ. ಇಳಿಯುವಾಗ ನಾನು ಕೇಳಿಯೇ ಕೇಳ್ತೇನೆ. ನಾಳೆಯಿಂದ ಹಳೆಯ ಕಡಿತ. ಇಲ್ಲದಿದ್ದರೆ ಗಿರಿಜಕ್ಕನ ಮನೆಗೂ ಹೇಳ್ತೇನೆ, ಆಚೆ ಮನೆಗೂ ಹೇಳ್ತೇನೆ."

ಅವನು ಪೆಟ್ಟಿಗೆಯ ಮುಚ್ಚಳ ಹಾಕಿ ಗಾಡಿ ಸ್ಟಾರ್ಟ್ ಮಾಡಿದ. ಅದರ ಅರ್ಥ ನನಗೆ ತಿಳಿದದ್ದು ತುಳಸಿ ಪೂಜೆಯ ದಿನ. ತುಳಸಿ ಪೂಜೆಯೆಂದರೆ ಮಲ್ಲಿಗೆಗೆ ವರ್ಷದ ಅತಿ ದೊಡ್ಡ ದರ. ಗಿಡದಲ್ಲಿ ಹೂವು ಕಡಿಮೆಯಾಗುವ ಕಾಲ, ಕೊಳ್ಳುವವರು ಹೆಚ್ಚು. ನಾನೂ ವಿನ್ಸಿಯೂ ಟಾರ್ಚ್ ಹಿಡಿದು ಒಂದು ಮೊಗ್ಗೂ ಬಿಡದೆ ಕೊಯ್ದೆವು. ಬೆರಳು ನೋಯುವಷ್ಟು ಕಟ್ಟಿದೆ. ಸಂಜೀವ ಬಂದ, ಗಿರಿಜಕ್ಕನ ಮನೆಯಲ್ಲಿ ನಿಲ್ಲಿಸಿದ, ಹೂ ತೆಗೆದುಕೊಂಡ. ನಮ್ಮ ಗೇಟಿನ ಮುಂದೆ ಬರುವಾಗ ಹಾರ್ನ್ ಹಾಕಿ, ಕೈ ಎತ್ತಿ, ಹೋಗಿಯೇಬಿಟ್ಟ. ನಾನು ಚೆಂಡುಗಳ ತಟ್ಟೆ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದೆ.

ವಿನ್ಸಿ ಯಾರದೋ ಬೈಕಿಗಾಗಿ ಓಡಿದ, ಸಿಗಲಿಲ್ಲ. ಬಸ್ಸು ಬರುವಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ನನ್ನ ಕಣ್ಣ ಮುಂದೆಯೇ ಮೊಗ್ಗುಗಳು ಒಂದೊಂದಾಗಿ ಬಿಚ್ಚಿಕೊಂಡವು. ಮನೆಯೆಲ್ಲ ಪರಿಮಳ. ಆ ದಿನ ಆ ಪರಿಮಳ ನನಗೆ ಕಪಾಳಕ್ಕೆ ಹೊಡೆದ ಹಾಗಿತ್ತು.

ಅಳುವವಳಲ್ಲ ನಾನು. ಸಂಜೆ ಚೆಂಡುಗಳನ್ನೆಲ್ಲ ಬಿಚ್ಚಿ ಉದ್ದದ ಮಾಲೆ ಮಾಡಿದೆ. ಮೂರು ದಾರಿ ಕೂಡುವಲ್ಲಿ ಒಂದು ಚಾ ಹೋಟೆಲು, ಸಂಜೀವ ಸಂಜೆ ಅಲ್ಲಿ ಕೂತು ಗೋಳಿಬಜೆ ತಿನ್ನುತ್ತಾನೆ. ಸ್ಕೂಟರ್ ಹೊರಗೆ ನಿಂತಿತ್ತು. ನಾನು ಹೋಗಿ ಅದರ ಹ್ಯಾಂಡಲ್‌ಗೆ, ಎರಡು ಕನ್ನಡಿಗೆ, ಹೆಡ್‌ಲೈಟ್‌ಗೆ, ಸೀಟಿಗೆ ಅರಳಿದ ಮಲ್ಲಿಗೆಯನ್ನು ಸುತ್ತಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಎರಡು ಸುತ್ತು ಹೆಚ್ಚೇ ಹಾಕಿದೆ. ಹಾಲಿಗೆಂದು ಬಂದಿದ್ದ ಗಿರಿಜಕ್ಕ ಬಾಯಿ ತೆರೆದು ನಿಂತರು.

"ಎಂತ ಬಾಯಮ್ಮಾ ಇದು, ಮದುವೆಯಾ, ಉತ್ತರಕ್ರಿಯೆಯಾ?"

"ಗಾಡಿಯವನು ಹೊರಗೆ ಬರಲಿ ಗಿರಿಜಕ್ಕ, ಅವನನ್ನೇ ಕೇಳುವ."

ಹೋಟೆಲಿನಲ್ಲಿದ್ದವರೆಲ್ಲ ಹೊರಗೆ ಬಂದರು. ಸಂಜೀವನೂ ಬಂದ, ಕೈಯಲ್ಲಿ ಅರ್ಧ ಗೋಳಿಬಜೆ. "ಸಂಜೀವಣ್ಣಾ, ಇವತ್ತು ನೀವು ಒಯ್ಯಲಿಕ್ಕೆ ಮರೆತ ಹೂವು. ನಿಮ್ಮ ಗಾಡಿಯೇ ಮುಡಿಯಲಿ ಅಂತ ತಂದೆ. ಪೆಟ್ರೋಲಿಗೆ ಎಷ್ಟು ಮುರಿಯಬೇಕು, ಮುರಿದುಕೊಳ್ಳಿ" ಎಂದೆ. ನಕ್ಕರು ನೋಡಿ ಜನ! ಮಾಲೆ ಬಿಡಿಸಲು ಹೋದರೆ ಬಾಳೆನಾರು ಗಂಟಾಗಿ ಬಿಡಲೊಲ್ಲದು. ಅವನು ಅದೇ ಅಲಂಕಾರದಲ್ಲಿ ಗಾಡಿ ಓಡಿಸಿಕೊಂಡು ಹೋದ. ದಾರಿಯುದ್ದಕ್ಕೂ ಜನ ಮದುಮಗ ಎಲ್ಲಿ ಎಂದು ಕೇಳಿದರಂತೆ.

ಆ ರಾತ್ರಿ ನಾನು ಸುಖವಾಗಿ ನಿದ್ದೆ ಮಾಡಿದೆ. ಆದರೆ ಅವನು ಸುಮ್ಮನಿರುವ ಜಾತಿಯಲ್ಲ. ಆ ವಾರವೇ ಕಾರ್ಕಳದಿಂದ ಲಾರೆನ್ಸ್ ಅವರ ಫೋನ್ ಬಂತು. "ಸಿಸಿಲಿಬಾಯಿ, ಬೇಸರ ಮಾಡಬೇಡಿ. ಮದುವೆ ಸ್ವಲ್ಪ ಮುಂದೆ ಹಾಕುವ." ಯಾಕೆ ಎಂದು ಕೇಳಿದರೆ, "ಎಲ್ಲ ಸ್ವಲ್ಪ ಸರಿಯಾಗಲಿ" ಎಂದು ಇಟ್ಟುಬಿಟ್ಟರು. ವಿನ್ಸಿ ಎರಡು ದಿನ ಊಟ ಬಿಟ್ಟ. ಕೊನೆಗೆ ಪ್ರೀಮಾಳೇ ಅವನಿಗೆ ಫೋನ್ ಮಾಡಿ ನಿಜ ಹೇಳಿದಳು. ಮಧ್ಯಾಹ್ನ ಅವಳ ಅಪ್ಪನ ಅಂಗಡಿಗೆ ಗಾಳಿ ಹಾಕಿಸಲು ಬರುವ ಹೂವಿನವನೊಬ್ಬ ಹೇಳಿದ್ದನಂತೆ: ಆ ಬಾಯಮ್ಮನ ಗಿಡಗಳಿಗೆ ರೋಗ ಬಂದಿದೆ, ಕಟ್ಟೆಗೆ ಅವರ ಹೂವೇ ಬರುವುದಿಲ್ಲ, ಮಗನಿಗೆ ಕೆಲಸ ಇಲ್ಲ, ಪೆಟ್ರೋಲಿನ ಚಿಲ್ಲರೆಗೆ ಜಗಳ ಮಾಡುವಷ್ಟು ಆ ಮನೆ ಇಳಿದಿದೆ, ನಿಮ್ಮ ಮಗಳನ್ನು ಅಲ್ಲಿಗೆ ಕೊಡ್ತೀರಾ?

ತಾನೇ ಹೂ ಬಿಟ್ಟು ಹೋಗಿ, ಹೂವೇ ಇಲ್ಲ ಎಂದು ಹೇಳಿದವನನ್ನು ಏನು ಮಾಡಬೇಕು? ಬೈದರೆ ಸಾಲದು. ಪಾದ್ರಿಗಳು ಆ ಭಾನುವಾರ ಕ್ಷಮೆಯ ಬಗ್ಗೆಯೇ ಪ್ರಸಂಗ ಕೊಟ್ಟರು, ನಾನು ಮುಂದಿನ ಬೆಂಚಿನಲ್ಲಿ ಕೂತು, ತಲೆಯಾಡಿಸುತ್ತ, ನಮ್ಮ ಸಾಲಿನ ಹೂವನ್ನು ಪೂರಾ ಅವನ ಕೈಯಿಂದ ಕಸಿದುಕೊಳ್ಳುವುದು ಹೇಗೆಂದು ಯೋಚಿಸಿದೆ.

ಉಪಾಯ ತಾನಾಗಿ ಮನೆ ಬಾಗಿಲಿಗೆ ಬಂತು. ಕಾಪುವಿನ ಹಮೀದ್ ಸಾಯ್ಬ್ರು ಮೊಪೆಡ್ಡಿನಲ್ಲಿ ನಮ್ಮ ಕಡೆ ಬಂಗುಡೆ, ಬೂತಾಯಿ ಎಂದು ಮೀನು ತರುತ್ತಿದ್ದರು. ಬೆಳಿಗ್ಗೆ ಹೆಜಮಾಡಿಯಲ್ಲಿ ಮೀನು ಎತ್ತಿ, ಶಿರ್ವದ ಮನೆಗಳಲ್ಲಿ ಮಾರಿ, ಖಾಲಿ ಪೆಟ್ಟಿಗೆಯಲ್ಲಿ ವಾಪಸು. ಅವರೂ ಆ ದಿನ ಪೆಟ್ರೋಲಿನ ಕತೆಯನ್ನೇ ತೆಗೆದರು.

"ನಿಮ್ಮ ಸಂಜೀವ ಒಬ್ಬ ವಿಚಿತ್ರ ಅಕ್ಕಾ. ಹೆಜಮಾಡಿ ದಾಟಿ ಆಚೆ ಜಿಲ್ಲೆಯ ಬಂಕಿಗೆ ಬರ್ತಾನೆ ಪೆಟ್ರೋಲ್ ಹಾಕ್ಲಿಕ್ಕೆ. ಮಂಗಳೂರಿಗೆ ಹತ್ತಿರ ಅಲ್ವಾ, ಟ್ಯಾಂಕರಿನ ಓಡಾಟ ಕಡಿಮೆ, ಲೀಟರಿಗೆ ಪೈಸೆಗಳಷ್ಟು ಕಡಿಮೆ."

"ನಮ್ಮಿಂದ ಕಾರ್ಕಳದ ಬೋರ್ಡಿನ ದರ ಹೇಳಿ ಮುರೀತಾನಲ್ಲ ಸಾಯ್ಬ್ರೇ!"

"ಅದೇ ತಮಾಷೆ. ಶಿರ್ವದಿಂದ ಅಲ್ಲಿಗೆ ಬರುವಾಗ ಉಳಿಸಿದ್ದಕ್ಕಿಂತ ಜಾಸ್ತಿ ಸುಟ್ಟಿರ್ತದೆ. ಹೇಳಿದರೆ ನನಗೇ ಬುದ್ಧಿ ಹೇಳ್ತಾನೆ."

ನಾನು ಅವರ ಖಾಲಿ ಪೆಟ್ಟಿಗೆಯನ್ನು ನೋಡಿದೆ. "ಸಾಯ್ಬ್ರೇ, ನೀವು ವಾಪಸು ಹೋಗುವುದು ಯಾವ ದಾರಿಯಲ್ಲಿ?"

"ಶಂಕರಪುರದ ಮೇಲೆ, ಕಟಪಾಡಿಗೆ."

"ಕಟ್ಟೆಯ ಮುಂದೆಯೇ."

ಅವರು ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು, ನಗಲು ಶುರು ಮಾಡಿದರು. "ಅಯ್ಯೋ ಅಕ್ಕಾ, ಇದರಲ್ಲಿ ಮಲ್ಲಿಗೆಯಾ?"

ಹಟ ಹಿಡಿದು ಕಳಿಸಿದೆ. ಪೆಟ್ಟಿಗೆಯನ್ನು ಹುಣಸೆಹಣ್ಣು ಹಾಕಿ ತೊಳೆದೆ, ಬಾಳೆಲೆಯಲ್ಲಿ ಹೂ ಸುತ್ತಿದೆ, ಮೇಲಿನಿಂದ ಪ್ಲಾಸ್ಟಿಕ್ ಕಟ್ಟಿದೆ. ಸಾಯ್ಬ್ರು ಮಧ್ಯಾಹ್ನ ಹೂವಿನ ಸಮೇತ ವಾಪಸು ಬಂದರು, ಮುಖ ಇಷ್ಟು ಸಣ್ಣ ಮಾಡಿಕೊಂಡು. ಕಟ್ಟೆಯಲ್ಲಿ ಒಬ್ಬರು ಚೆಂಡು ಮೂಸಿ, "ಇದನ್ನು ಮುಡಿಯುವುದಾ, ತೆಂಗಿನಕಾಯಿ ಅರೆದು ಸಾರು ಮಾಡುವುದಾ?" ಎಂದರಂತೆ. ಅಲ್ಲೇ ಇದ್ದ ಸಂಜೀವ ಎಲ್ಲರಿಗೂ ಕೇಳುವ ಹಾಗೆ, "ಬಾಯಮ್ಮನ ಹೊಸ ಜಾತಿ ಅದು, ಬಂಗುಡೆ ಮಲ್ಲಿಗೆ" ಎಂದನಂತೆ.

ಬಂಗುಡೆ ಮಲ್ಲಿಗೆ! ಆ ಮಾತು ಶಿರ್ವದವರೆಗೆ ಸಾಯ್ಬ್ರಿಗಿಂತ ಮೊದಲೇ ಬಂದಿತ್ತು. ಇಗರ್ಜಿಯ ಬಾಗಿಲಿನಲ್ಲಿ ಹುಡುಗಿಯರು ನನ್ನನ್ನು ಕಂಡು ಬಾಯಿಗೆ ಕೈ ಹಿಡಿದರು.

ದಾರಿ ತೋರಿಸಿದವರು ಗಿರಿಜಕ್ಕ. "ಗಾಡಿ ಓಡುವಾಗ ಗಾಳಿ ಮುಂದಿನಿಂದ ಬರ್ತದೆ ಬಾಯಮ್ಮಾ. ಮೀನಿನ ವಾಸನೆ ಹಿಂದೆ ಹೋಗ್ತದೆ. ಹೂವನ್ನು ಮುಂದೆ ಕಟ್ಟಿ." ಅಷ್ಟೇ! ಮೊಪೆಡ್ಡಿನ ಹ್ಯಾಂಡಲ್‌ಗೂ ಸೀಟಿಗೂ ನಡುವೆ ಇರುವ ಜಾಗದಲ್ಲಿ ಒಂದು ಹೊಸ ಬೆತ್ತದ ಬುಟ್ಟಿ ಕೂರಿಸಿದೆವು. ಸಾಯ್ಬ್ರು ನಮ್ಮ ಬಾವಿಯ ಹತ್ತಿರ ಸಾಬೂನು ಹಾಕಿ ಕೈ ತೊಳೆದು, ಮೀನಿನ ಅಂಗಿ ತೆಗೆದು, ಚೀಲದಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ತೆಗೆದು ಹಾಕಿಕೊಂಡರು. "ನನ್ನ ಹೆಂಡತಿ ಕೇಳ್ತಾಳೆ, ಮೀನಿಗೆ ಹೋಗುವವನಿಗೆ ಈ ಶೋಕಿ ಎಂತಕ್ಕೆ ಅಂತ" ಎಂದರು. ಆ ದಿನ ಹೂವು ಕಟ್ಟೆಗೆ ಮುಟ್ಟಿತು, ಒಳ್ಳೆಯ ದರವೂ ಸಿಕ್ಕಿತು. ಮೂಸಿದವರಿಗೆ ಮಲ್ಲಿಗೆಯದೇ ವಾಸನೆ ಸಿಕ್ಕಿತು, ಜೊತೆಗೆ ಸ್ವಲ್ಪ ಲೈಫ್‌ಬಾಯ್.

ಸಾಯ್ಬ್ರ ಜೊತೆ ನಮ್ಮ ಕರಾರು ಸುಲಭ. ಮೀನಿಗಾಗಿ ಹೇಗೂ ಪೆಟ್ರೋಲ್ ಸುಡುತ್ತದೆ, ಅದರಲ್ಲಿ ಒಂದು ಪಾಲು ಹೂವಿನದು. ಬೋರ್ಡು ಏರಿದರೆ ನಾವೂ ಏರಿಸುವುದು, ಇಳಿದರೆ ಅವರೂ ಇಳಿಸುವುದು. ಗಿರಿಜಕ್ಕ ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಕಾಪುವಿನ ಬಂಕಿನ ದರ ನೋಡಿ, ಪ್ರಾರ್ಥನೆ ಹೇಳಿದ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಮೊದಲು ಗಿರಿಜಕ್ಕ ಸಂಜೀವನನ್ನು ಬಿಟ್ಟರು. ಆಮೇಲೆ ಆಚೆ ಮನೆಯವರು. ಆಮೇಲೆ ನಾನೇ ಸಾಲಿನ ಪ್ರತಿ ಮನೆಗೂ ಹೋಗಿ, ಹೆಜಮಾಡಿಯ ಆಚೆ ಅವನು ಅಗ್ಗದ ಪೆಟ್ರೋಲ್ ಹಾಕಿ, ನಮ್ಮಿಂದ ದುಬಾರಿ ಬೋರ್ಡಿನ ಲೆಕ್ಕದಲ್ಲಿ ಮುರಿದ ಕತೆಯನ್ನು ಕೂತು, ಕಾಫಿ ಕುಡಿದು, ಒಂದು ಮಾತೂ ಬಿಡದೆ ಹೇಳಿದೆ. ಪ್ರತಿ ಮನೆಯಲ್ಲೂ ಹೇಳುವಾಗ ಕತೆ ಸ್ವಲ್ಪ ಚಂದವಾಗುತ್ತ ಹೋಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಕ್ರಿಸ್ಮಸ್ಸಿಗೆ ಮೊದಲಿನ ಅಡ್ವೆಂತಿನ ದಿನಗಳು ಬರುವಾಗ ಸಂಜೀವನ ಪೆಟ್ಟಿಗೆಗೆ ನಮ್ಮ ಸಾಲಿನಿಂದ ಒಂದು ಚೆಂಡೂ ಬೀಳುತ್ತಿರಲಿಲ್ಲ. ಆದರೆ ನನಗೆ ಬೇಕಿದ್ದದ್ದು ಅವನ ಪೆಟ್ಟಿಗೆಯಲ್ಲ, ನನ್ನ ಸೊಸೆ.

ಒಂದು ದಿನ ಸಾಲಿನ ಹೂವಿನಲ್ಲಿ ಅರ್ಧವನ್ನು ಕಟ್ಟೆಗೆ ಕಳಿಸಿ, ಉಳಿದದ್ದನ್ನು ದೊಡ್ಡ ಬುಟ್ಟಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಬೆಳ್ಮಣ್ ಮೇಲೆ ಹೋಗುವ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆ. ಕಂಡಕ್ಟರ್ ಬುಟ್ಟಿಗೆ ಲಗೇಜ್ ಕೇಳಿದ. "ಡೀಸೆಲ್ ಏರಿದೆ ಬಾಯಮ್ಮಾ" ಎಂದ. "ಇಳಿದಾಗ ವಾಪಸು ಕೊಡ್ತೀಯಾ?" ಎಂದೆ. ಬಸ್ಸೆಲ್ಲ ನಕ್ಕಿತು, ಅವನು ಟಿಕೆಟ್ ಮಾತ್ರ ಹರಿದ.

ಲಾರೆನ್ಸ್ ಅವರ ಅಂಗಡಿ ಮುಟ್ಟುವಾಗ ಸಂಜೀವನ ಸ್ಕೂಟರ್ ಅಲ್ಲೇ ಇತ್ತು. ಹಿಂದಿನ ಚಕ್ರಕ್ಕೆ ಗಾಳಿ ಹೋಗುತ್ತಿತ್ತು, ಅವನು ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದ. ನನ್ನನ್ನು ಕಂಡು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ನಾನು ಅವನ ಕಾಲಬುಡದಲ್ಲೇ ಬುಟ್ಟಿ ಇಳಿಸಿ ಬಟ್ಟೆ ತೆಗೆದೆ. ಟಯರ್, ಗ್ರೀಸ್, ರಬ್ಬರ್ ಸುಟ್ಟ ವಾಸನೆಯ ನಡುವೆ ಮಲ್ಲಿಗೆ ಎದ್ದು ನಿಂತಿತು.

"ಲಾರೆನ್ಸ್ ಬಾಬ್, ರೋಗ ಬಂದ ಗಿಡದ ಹೂವು ತಂದಿದ್ದೇನೆ. ಒಮ್ಮೆ ನೋಡಿ."

ಅವರು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸುತ್ತ ಬಂದರು. ಬುಟ್ಟಿಯನ್ನು ನೋಡಿದರು. ಆಮೇಲೆ ಸಂಜೀವನ ಸ್ಕೂಟರಿನ ಪೆಟ್ಟಿಗೆಯನ್ನು ನೋಡಿದರು. ಅದರ ಮುಚ್ಚಳ ತೆರೆದೇ ಇತ್ತು, ತಳದಲ್ಲಿ ನಾಲ್ಕು ಬಾಡಿದ ಚೆಂಡು.

"ಸಂಜೀವ, ಇವರ ತೋಟದಲ್ಲಿ ಹೂವಿಲ್ಲ ಅಂತ ಹೇಳಿದ್ದು ನೀನಲ್ವಾ?"

"ಅದು... ನಾನು ಕೇಳಿದ್ದು ಲಾರೆನ್ಸಣ್ಣ. ಯಾರೋ ಹೇಳಿದ್ದು."

"ಯಾರೋ ಅಲ್ಲ. ತುಳಸಿ ಪೂಜೆಯ ದಿನ ನನ್ನ ಗೇಟಿನ ಮುಂದೆ ಹಾರ್ನ್ ಹಾಕಿಕೊಂಡು ಹೋದವರು" ಎಂದೆ. "ಯಾಕೆ ಹೋದಿರಿ, ಅದನ್ನೂ ಹೇಳಿ ಸಂಜೀವಣ್ಣಾ. ಪೆಟ್ರೋಲ್ ಇಳಿದಾಗ ಕಡಿತ ಇಳಿಸಿ ಅಂತ ಕೇಳಿದ್ದಕ್ಕೆ, ಹೌದೋ ಅಲ್ಲವೋ?"

ಲಾರೆನ್ಸ್ ಅವರಿಗೆ ಪೆಟ್ರೋಲಿನ ವಿಷಯ ಹೇಳಿದ್ದೇ ಸಾಕಾಯಿತು. ಆ ವರ್ಷ ಜನ ಹೊಸ ಟಯರ್ ಹಾಕಿಸುವುದನ್ನೇ ಬಿಟ್ಟಿದ್ದರು, ಬೋಳು ಟಯರಿನಲ್ಲೇ ಓಡಾಡುತ್ತಿದ್ದರು. ಅವರ ಮುಖ ಕೆಂಪಾಯಿತು. "ನೀನು ಪೆಟ್ರೋಲ್ ಹೆಸರು ಹೇಳಿ ನನ್ನಲ್ಲೂ ಪುಕ್ಕಟೆ ಗಾಳಿ ಹಾಕಿಸ್ತೀಯಲ್ಲ ಮಾರಾಯ!" ಎಂದರು.

ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಪ್ರೀಮಾ ಬಂದಳು. ಸ್ನಾನ ಮಾಡಿ ಬಂದ ತಲೆ, ಕೂದಲು ಬಿಟ್ಟಿದ್ದಳು. ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ನೇರ ಬಂದು, ನನ್ನ ಮುಂದೆ, ಟಯರುಗಳ ನಡುವೆ, ಬೆನ್ನು ತಿರುಗಿಸಿ ತಲೆ ಬಗ್ಗಿಸಿ ನಿಂತಳು.

ನಮ್ಮಲ್ಲಿ ಹುಡುಗನ ತಾಯಿ ಹುಡುಗಿಯ ತಲೆಗೆ ಹೂ ಮುಡಿಸಿದರೆ ಮಾತು ಮುಗಿದ ಹಾಗೆ. ಆಮೇಲೆ ಯಾರೂ ಹಿಂದೆ ಹೋಗುವುದಿಲ್ಲ. ಲಾರೆನ್ಸ್ ಅವರಿಗೂ ಅದು ಗೊತ್ತು. ಅವರು ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಬುಟ್ಟಿ ನನ್ನ ಕೈಗೆ ಎಟಕುವಷ್ಟು ಹತ್ತಿರವೇ ಇತ್ತು. ಆದರೂ ನಾನು ಬಗ್ಗಲಿಲ್ಲ.

"ಸಂಜೀವಣ್ಣಾ, ನನಗೆ ಸೊಂಟ ನೋವು. ಒಂದು ಚೆಂಡು ಎತ್ತಿ ಕೊಡಿ."

ಅವನು ಎದ್ದ. ಸುತ್ತ ಜನ ಸೇರಿದ್ದರು, ಹೂವಿನ ಅಂಗಡಿಯವರು, ಆಟೋದವರು. ಅವನು ಬಗ್ಗಿ, ಒಳ್ಳೆಯ ಚೆಂಡೊಂದನ್ನು ಆರಿಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ನಾನು ನಿಧಾನವಾಗಿ, ಬಹಳ ನಿಧಾನವಾಗಿ ಮುಡಿಸಿದೆ. ಪಿನ್ ಕೇಳಿದೆ, ಪಿನ್ ಇರಲಿಲ್ಲ. ಅವನೇ ಎದುರಿನ ಅಂಗಡಿಗೆ ಹೋಗಿ ತಂದ.

ಜನವರಿಯಲ್ಲಿ ಮದುವೆಯಾಯಿತು. ಮದುವೆಯ ಮಾಲೆಗಳೆಲ್ಲ ನಮ್ಮ ಸಾಲಿನ ಮಲ್ಲಿಗೆಯದ್ದೇ, ಹಮೀದ್ ಸಾಯ್ಬ್ರು ಬಿಳಿ ಅಂಗಿಯಲ್ಲಿ ತಂದರು. ಮದುವೆಯ ಮರುವಾರ ಸಂಜೀವ ನಮ್ಮ ಜಗಲಿಯ ಕೆಳಗೆ ಬಂದು ನಿಂತಿದ್ದ. "ಕಡಿತವೇ ಬೇಡ ಬಾಯಮ್ಮಾ, ಹೂವು ಕೊಡಿ" ಎಂದ. ನಾನು ಕಾಫಿ ಕೊಟ್ಟೆ, ಬಿಸ್ಕೆಟ್ ಕೊಟ್ಟೆ. ಹೂವು ಕೊಡಲಿಲ್ಲ. ಇವತ್ತಿಗೂ ಕೊಟ್ಟಿಲ್ಲ.

ಇವತ್ತು ರಾತ್ರಿ ಕಾರ್ಕಳದ ಈ ಮನೆಯಲ್ಲಿ ನಾವೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ನಮ್ಮ ಇಡ್ಲಿಯಂಥ ಸಣ್ಣಾಸ್, ಕೋಳಿ ಸಾರು, ಸಾಯ್ಬ್ರು ಕೊಟ್ಟು ಕಳಿಸಿದ್ದ ಕಾಣೆ ಮೀನು ಹುರಿದದ್ದು. ಬಾಣಂತಿಗೆ ಬೇರೆ ಕಾಳುಮೆಣಸಿನ ಸಾರು ಆಗಿತ್ತು, ಆದರೂ ಅವಳು ನಮ್ಮ ಜೊತೆಯೇ ತಿನ್ನುತ್ತೇನೆಂದು ಕುರ್ಚಿ ಎಳೆಸಿಕೊಂಡು ಬಂದು ಕೂತಳು. ಮಗು ಅವಳ ಪಕ್ಕದ ತೊಟ್ಟಿಲಲ್ಲಿ ನನ್ನ ಮೂಗಿನಿಂದ ಉಸಿರಾಡುತ್ತಿತ್ತು.

ಅರ್ಧ ಊಟದಲ್ಲಿ ಲಾರೆನ್ಸ್ ಅವರು ಗಂಟಲು ಸರಿ ಮಾಡಿಕೊಂಡರು. "ಸಿಸಿಲಿಬಾಯಿ, ಒಂದು ವಿಷಯ. ಸಂಜೀವ ಇವತ್ತು ಅಂಗಡಿಗೆ ಬಂದಿದ್ದ. ಮಗುವನ್ನು ನೋಡ್ಲಿಕ್ಕೆ ಬರಬಹುದಾ ಅಂತ ಕೇಳಿದ."

ಎಲ್ಲರ ಕೈ ನಿಂತಿತು. ಬೀಗಿತ್ತಿ ಸೌಟು ಹಿಡಿದುಕೊಂಡೇ ನಿಂತರು. ವಿನ್ಸಿ ಮೆಲ್ಲಗೆ, "ಮಾಯ್, ಮಗು ಬಂದ ದಿನ. ಇನ್ನಾದರೂ ಬಿಡು" ಎಂದ.

ನಾನು ಸಣ್ಣಾಸ್ ಮುರಿದೆ, ಸಾರಿನಲ್ಲಿ ಅದ್ದಿದೆ, ಬಾಯಿಗಿಟ್ಟು ಸರಿಯಾಗಿ ಅಗಿದು ನುಂಗಿದೆ.

"ಬರಲಿ" ಎಂದೆ. ಎಲ್ಲರಿಗೂ ಉಸಿರು ಬಂತು. "ಆದರೆ ಸ್ಕೂಟರಿನಲ್ಲಿ ಬೇಡ. ಪೆಟ್ರೋಲಿಗೆ ಎಷ್ಟು ರೇಟ್, ಪಾಪ. ನಡೆದುಕೊಂಡು ಬರಲಿ."

"ಶಿರ್ವದಿಂದ ಕಾರ್ಕಳಕ್ಕಾ? ಅಷ್ಟು ದೂರ?" ಎಂದ ವಿನ್ಸಿ.

"ಅವಸರ ಎಂತಕ್ಕೆ? ಮಗು ಇಲ್ಲೇ ಇರ್ತದೆ."

ಲಾರೆನ್ಸ್ ಅವರಿಗೆ ತುತ್ತು ನೆತ್ತಿಗೆ ಹತ್ತಿತು. ಪ್ರೀಮಾ ಹೊಟ್ಟೆ ಹಿಡಿದುಕೊಂಡು, "ನಗಿಸಬೇಡಿ ಮಾಯ್, ಹೊಲಿಗೆ ನೋಯ್ತದೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ವಿನ್ಸಿ ಸೋತವನ ಹಾಗೆ ತಲೆಯಾಡಿಸಿ ಮೀನಿಗೆ ಕೈ ಹಾಕಿದ. ಗದ್ದಲಕ್ಕೆ ಮಗು ಎದ್ದು, ಇಷ್ಟು ಪುಟ್ಟ ಜೀವಕ್ಕೆ ಇಷ್ಟು ದೊಡ್ಡ ಸ್ವರವೇ ಎನ್ನುವ ಹಾಗೆ ಕೂಗಿತು.

"ಬಂದರೆ ಊಟ ಕೊಡುವುದಾ?" ಎಂದು ಬೀಗಿತ್ತಿ ಕೇಳಿದರು.

"ಅಷ್ಟು ನಡೆದು ಬಂದವನಿಗೆ ಕೊಡದೆ ಇರ್ಲಿಕ್ಕೆ ಆಗ್ತದಾ? ಕೊಡಿ. ನಮ್ಮದೆಲ್ಲ ಆದ ಮೇಲೆ."

ಬೀಗಿತ್ತಿ ನಗುತ್ತ ನನ್ನ ಬಟ್ಟಲಿಗೆ ಇನ್ನೆರಡು ಸಣ್ಣಾಸ್ ಹಾಕಿದರು. ನಾನು ಬೇಡವೆನ್ನಲಿಲ್ಲ.